ಡಬ್ಬಿ ಖಾಲಿ ಕಳಿಸಬಾರದು

ನಮ್ಮ ಮನೆಯ ಪಾತ್ರೆಗಳ ಮೇಲೆ ನನ್ನ ಹೆಸರಿಲ್ಲ. ನಿಮಗೆ ಇದು ಸಣ್ಣ ಮಾತು ಅನ್ನಿಸಬಹುದು, ನನಗಲ್ಲ. ಮದುವೆಯಲ್ಲಿ ಬಂದ ಕೊಡ, ಪರಾತ, ತಾಟು, ಯಾವುದನ್ನು ಎತ್ತಿ ನೋಡಿದರೂ ನನ್ನ ಸೋದರಮಾವನ ಹೆಸರೇ. ಕೊಟ್ಟವರು ತಮ್ಮ ಹೆಸರು ಕೊರೆಸುವುದು ನಮ್ಮ ಕಡೆಯ ಪದ್ಧತಿ. ಮಾವ ಸ್ಟೇಶನ್ ಬಜಾರದ ಪಾತ್ರೆ ಅಂಗಡಿಯಲ್ಲಿ ಅರ್ಧ ದಿನ ಕೂತು, ಗುಂಯ್ ಎನ್ನುವ ಮಷಿನ್ನಿನವನಿಗೆ ಎರಡು ಸಲ ಚಹಾ ಕುಡಿಸಿ, ಒಂದು ಚಮಚೆಯನ್ನೂ ಬಿಡದೆ ಬರೆಸಿದ್ದರಂತೆ. ಮದುಮಗಳ ಹೆಸರು ಸರೋಜಾ ಎಂದು ಅವರಿಗೆ ಆ ಗಡಿಬಿಡಿಯಲ್ಲಿ ನೆನಪೇ ಆಗಲಿಲ್ಲ. ಇವತ್ತಿಗೂ ನಮ್ಮ ಮನೆಯಲ್ಲಿ ಅನ್ನ ಮುಗಿದು ತಾಟಿನ ತಳ ಕಂಡಾಗ ಮಾವ ಕಾಣುತ್ತಾರೆ.

ನೀಲಮ್ಮನ ಪಾತ್ರೆಗಳ ಮೇಲೆ ಮಾತ್ರ ನೀಲಮ್ಮನದೇ ಹೆಸರು. ನೀಲಮ್ಮ ಎಂದರೆ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಕಮಲಾಪುರದಲ್ಲಿ ಇರುವವಳು. ಆಕೆಯ ಅಪ್ಪ ಮಗಳ ಹೆಸರನ್ನು ದುಂಡಗೆ, ಮುತ್ತು ಪೋಣಿಸಿದ ಹಾಗೆ ಬರೆಸಿ ಕಳಿಸಿದ್ದರು. ಇವತ್ತು ಬೆಳಿಗ್ಗೆ ಪಾತ್ರೆ ತಿಕ್ಕುವಾಗ ಆಕೆಯ ಒಂದು ಡಬ್ಬಿ ಕೈಗೆ ಬಂತು. ಸೋಪಿನ ನೊರೆ ಇಳಿದು ಹೆಸರು ಮಿಂಚಿತು, ನನ್ನ ಹೊಟ್ಟೆಯಲ್ಲಿ ಚುರ್ ಎಂದಿತು. ಆ ಚುರ್ ಎಂದದ್ದರ ಕಥೆಯನ್ನು ಯಾರಿಗಾದರೂ ಹೇಳದಿದ್ದರೆ ಮಧ್ಯಾಹ್ನದ ಅಡುಗೆ ಕೆಡುತ್ತದೆ. ಅದಕ್ಕೇ ನಿಮ್ಮನ್ನು ಹಿಡಿದುಕೊಂಡಿದ್ದೇನೆ.

ಕಲಬುರಗಿಯ ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನೌಕರಿಗೆ ಹೋಗುವ ತಾಯಂದಿರು ಬೆಳಿಗ್ಗೆ ತಮ್ಮ ಕೂಸುಗಳನ್ನು ನನ್ನ ಬಳಿ ಬಿಟ್ಟು ಸಂಜೆ ಬಂದು ಕರೆದೊಯ್ಯುತ್ತಾರೆ. ನಮ್ಮವರು ಬಾಗಿಲ ಮೇಲೆ 'ಡೇ ಕೇರ್' ಎಂದು ಬೋರ್ಡು ಹಾಕಿಸೋಣವೇ ಅಂದಾಗ ನಮ್ಮ ಅತ್ತೆ, "ಕೂಸು ನೋಡ್ಕೊಳ್ಳಾಕ ಬೋರ್ಡ್ ಯಾಕ ಬೇಕೋ? ಕಿರಾಣಿ ಅಂಗಡಿ ಏನಿದು?" ಎಂದು ಕೇಳಿದ್ದರು. ಬೋರ್ಡು ಬರಲಿಲ್ಲ. ಆದರೆ ಮನೆ ನಿಜವಾಗಿಯೂ ಕಿರಾಣಿ ಅಂಗಡಿಯೇ ಆಯಿತು, ಬರೀ ಖರ್ಚಾಗುವ ಅಂಗಡಿ. ಯಾಕೆಂದರೆ ಶುರುವಿನಲ್ಲಿ ತಾಯಂದಿರು ಊಟದ ಡಬ್ಬಿಯ ಮಾತೆತ್ತಿದಾಗ ನಾನು ದೊಡ್ಡಸ್ತಿಕೆಯಿಂದ, "ಊಟದ ಚಿಂತಿ ಬಿಡ್ರಿ, ನಮ್ಮ ಮನೀದೇ" ಎಂದುಬಿಟ್ಟಿದ್ದೆ. ಆಗ ಬೇಳೆ ಅಗ್ಗವಿತ್ತು. ಆಮೇಲೆ ಬೇಳೆ ಹತ್ತಿದ ಅಟ್ಟದಿಂದ ಕೆಳಗೆ ಇಳಿಯಲೇ ಇಲ್ಲ, ಆಡಿದ ಮಾತನ್ನು ನಾನೂ ಹಿಂದೆ ತೆಗೆದುಕೊಳ್ಳಲಾಗಲಿಲ್ಲ.

ತೊಗರಿಯ ನಾಡಿನಲ್ಲಿ ಹುಟ್ಟಿ ತೊಗರಿಬೇಳೆಯನ್ನು ಬಂಗಾರದ ಹಾಗೆ ಮುಟ್ಟಿ ಮುಟ್ಟಿ ಹಾಕಬೇಕೆಂದರೆ ಹೇಗಾಗಿರಬೇಡ ಹೇಳಿ! ನಾನು ಮಿಲ್ಲಿನಿಂದ ನುಚ್ಚು ಬೇಳೆ ತರುತ್ತೇನೆ. ಒಡೆದು ಚೂರಾಗಿರುತ್ತದೆ, ಕುದಿಸಿದ ಮೇಲೆ ಅದು ಒಡೆದದ್ದೆಂದು ಯಾವ ಕೂಸಿಗೂ ಗೊತ್ತಾಗುವುದಿಲ್ಲ. ಬೇಳೆ ಮೈತುಂಬಿ ಕಾಣಲೆಂದು ಕುಂಬಳಕಾಯಿ ಹಾಕಿ ಕಡೆಯುತ್ತೇನೆ. ಕಾಯಿಪಲ್ಯೆಗೆ ಹೊತ್ತು ಮುಳುಗುವ ಮುಂದೆ ಹೋಗುತ್ತೇನೆ, ಮಾರುವವರು ಬುಟ್ಟಿ ಕಟ್ಟುವ ಗಡಿಬಿಡಿಯಲ್ಲಿ ಇರುತ್ತಾರೆ. ನಾಲ್ಕು ಗಂಟೆಗೆ ಚುರುಮುರಿಯ ಸುಸಲಾ, ಚುರುಮುರಿ ಅಗ್ಗ, ಉಳ್ಳಾಗಡ್ಡಿ ಹೆಚ್ಚು ಹಾಕಿದರೆ ತಾಟು ತುಂಬುತ್ತದೆ. ಬಿಸ್ಕೀಟನ್ನು ಮುರಿದು ಕೊಟ್ಟರೆ ಸಣ್ಣವು "ಎರಡು ಬಂತು!" ಎಂದು ಕುಣಿಯುತ್ತವೆ. ನಮ್ಮವರಿಗೂ ಅತ್ತೆಗೂ ಅದೇ ಗಡಿಗೆಯ ಊಟ. ನಮ್ಮವರು ಸೌಟನ್ನು ತಳಮಟ ಆಡಿಸಿ, "ಇವತ್ತ ಬ್ಯಾಳ್ಯಾಗ ಬ್ಯಾಳಿ ಅದನೋ ಇಲ್ಲೋ?" ಎನ್ನುತ್ತಿದ್ದರು. ಅತ್ತೆ ಇನ್ನೂ ಒಂದು ಕೈ ಮುಂದೆ. "ಇದೇನು ಸಾರೋ, ಕುಂಬಳಕಾಯಿ ಜಳಕಾ ಮಾಡಿದ ನೀರೋ?"

ಆದರೂ ಮಕ್ಕಳು ಉಣ್ಣುತ್ತಿದ್ದವು, ನನ್ನ ಅಡುಗೆ ನಡೆದಿತ್ತು, ನಾನು ಓಣಿಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದೆ. ಆಗ ಕಮಲಾಪುರದ ಡಬ್ಬಿ ಬಂತು.

ನನ್ನ ಮೈದುನ ಶಿವರಾಯ ಕೆಂಪು ಬಾಳೆಹಣ್ಣು ಬೆಳೆಯುತ್ತಾನೆ. ವಾರಕ್ಕೊಮ್ಮೆ ಹಣ್ಣು ಹೇರಿಕೊಂಡು ಕಲಬುರಗಿಗೆ ಬರುವವನು ಒಂದು ಸಲ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ, "ವೈನಿ, ನೀಲಾ ಡಬ್ಬಿ ಕೊಟ್ಟಾಳ. ಶೇಂಗಾ ಹಿಂಡಿ. ಹುಡುಗುರು ತಿಂತಾವಂತ ಖಾರ ಕಮ್ಮಿ ಹಾಕ್ಯಾಳ" ಎಂದ. ಮಧ್ಯಾಹ್ನ ಬಿಸಿ ಅನ್ನದ ಮೇಲೆ ಎಲ್ಲರಿಗೂ ಚೂರು ಚೂರು ಆ ಚಟ್ನಿಪುಡಿ ಉದುರಿಸಿದೆ.

ಝೋಯಾ ಎಂದು ಒಂದು ಹುಡುಗಿ. ತಾಯಿ ಆಸ್ಪತ್ರೆಯಲ್ಲಿ ನರ್ಸು. ಮೂರು ವರ್ಷದ ಈ ಹುಡುಗಿ ತುತ್ತನ್ನು ದವಡೆಯಲ್ಲಿಟ್ಟುಕೊಂಡು ಮಲಗುವ ತನಕ ಹಾಗೇ ಕೂತಿರುತ್ತಿದ್ದಳು. ಅವಳ ಬಾಯಿಂದ ಒಂದು ತುತ್ತು ಒಳಗಿಳಿಸಲು ನಾನು ಕಾಗೆ, ಗುಬ್ಬಿ, ರೈಲು, ಪೊಲೀಸ್, ಎಲ್ಲರನ್ನೂ ಕರೆದಿದ್ದೆ. ಆವತ್ತು ಯಾರನ್ನೂ ಕರೆಯಬೇಕಾಗಲಿಲ್ಲ. ತಾಟು ನೆಕ್ಕಿ ಮುಂದೆ ನೂಕಿದಳು. ಸಿದ್ಧಾರ್ಥ ಎನ್ನುವವನು, ಹೊಸದಾಗಿ ಅಕ್ಷರ ಕಲಿಯುತ್ತಿದ್ದವನು, ಡಬ್ಬಿಯ ಮೇಲೆ ಬೆರಳಿಟ್ಟು "ನೀ... ಲ... ಮ್ಮ" ಎಂದು ಓದಿದ. ಎಲ್ಲವೂ ಕೂಡಿ "ನೀಲಮ್ಮಾ! ನೀಲಮ್ಮಾ!" ಎಂದು ತಾಟು ಬಡಿದವು. ವರ್ಷಗಟ್ಟಲೆ ಮೂಗು ಒರೆಸಿದವಳು ನಾನು, ಜಯಕಾರ ಆಕೆಗೆ.

ಅತ್ತೆ ಮಂಚದ ಮೇಲಿನಿಂದ, "ನಮ್ಮ ನೀಲಿ ಕೈಯಾಗ ರುಚಿ ಅದ ನೋಡು" ಎಂದರು. ನನ್ನ ಕೈಯಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ.

ಈಗ ಡಬ್ಬಿ ತಿರುಗಿ ಕಳಿಸುವ ಮಾತು ಬಂತು. ನಿಮಗೆ ಗೊತ್ತೇ ಇದೆ, ಕೊಟ್ಟ ಡಬ್ಬಿಯನ್ನು ಖಾಲಿ ಕಳಿಸಬಾರದು. ಇದನ್ನು ನನಗೆ ಕಲಿಸಿದವಳು ನನ್ನ ಅವ್ವ. ನನ್ನ ತವರೂ ಇದೇ ಕೋಟೆಯ ಮಗ್ಗುಲಲ್ಲೇ. ಸಣ್ಣವಳಿದ್ದಾಗ ಪಕ್ಕದ ಮನೆಯ ಖಾಲಾ ರಂಜಾನಿನ ಪಾಯಸ, ಶೀರ್ ಕುರ್ಮಾ, ಕಳಿಸಿದ್ದರು. ಬಟ್ಟಲು ಮರಳಿಸುವಾಗ ಅವ್ವ ಅದರಲ್ಲಿ ಸಕ್ಕರೆ ಹಾಕಿ ನನ್ನ ಕೈಗಿಟ್ಟಳು. ಎರಡು ಮನೆಗಳ ನಡುವೆ ಒಂದೇ ಗೋಡೆ. ಆದರೆ ನಾನು ಆವತ್ತು ಓಣಿ ಸುತ್ತಿ, ಕೋಟೆಯ ಕಂದಕದ ತನಕ ಹೋಗಿ, ಸಕ್ಕರೆ ಮುಗಿಸಿಕೊಂಡು ಬಂದೆ. ಖಾಲಿ ಬಟ್ಟಲು ಕೊಟ್ಟರೆ ಅವ್ವನ ಮರ್ಯಾದೆ ಹೋಗುತ್ತದಲ್ಲ! ಖಾಲಾನ ಅಂಗಳದಲ್ಲೇ ಇದ್ದ ಗಿಡದಿಂದ ಕರಿಬೇವು ಕಿತ್ತು ಬಟ್ಟಲಿಗೆ ಹಾಕಿ ಅವರಿಗೇ ಕೊಟ್ಟೆ. ಖಾಲಾ ನನ್ನ ಗದ್ದಕ್ಕೆ ಅಂಟಿದ ಸಕ್ಕರೆ ಒರೆಸಿ, "ಖೈರ್, ಖಾಲಿ ತೋ ನೈಂ ಆಯಾ" ಎಂದು ನಕ್ಕಿದ್ದರು. ಇರಲಿ, ಖಾಲಿಯಂತೂ ಬರಲಿಲ್ಲ ಎಂದು.

ನೀಲಮ್ಮನ ಡಬ್ಬಿಗೆ ಕರಿಬೇವು ಸಾಲುತ್ತಿರಲಿಲ್ಲ. ಆಕೆ ಹಿಂಡಿ ಕಳಿಸಿದರೆ ನಾನು ಚಕ್ಕುಲಿ ಕಳಿಸಿದೆ. ಚಕ್ಕುಲಿಗೆ ಆಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಳಿಸಿದಳು. ರೊಟ್ಟಿಗೆ ನಾನು ಬೇಸನ್ ಉಂಡಿ. ಉಂಡಿಗೆ ಆಕೆ ಅಗಸಿ ಹಿಂಡಿಯ ಮೇಲೆ ಒಂದು ಗಡ್ಡೆ ಬೆಣ್ಣೆ. ಪ್ರತಿ ಸಲವೂ ಶಿವರಾಯ ಗಾಡಿಯಿಂದ ಇಳಿದಾಗ ಮಕ್ಕಳು ಬಾಗಿಲಿಗೆ ಓಡುತ್ತಿದ್ದವು. ನನ್ನ ಉರಿ ಏನೆಂದರೆ, ಆಕೆಗೆ ಎಲ್ಲಾ ಹೊಲದಿಂದ ಬರುತ್ತದೆ: ಶೇಂಗಾ ಹೊಲದ್ದು, ಎಳ್ಳು ಹೊಲದ್ದು, ತೊಗರಿ ಹೊಲದ್ದು. ಸೆರಗು ಸಿಗಿಸಿ ಹಿತ್ತಲಿಗೆ ಹೋದರೆ ಸಂಸಾರ ಸಿಗುತ್ತದೆ. ನಾನು ಒಂದು ಹಿಡಿ ಕಡಲೆ ಹಿಟ್ಟು ಹೆಚ್ಚು ಹುರಿದರೆ ಇಲ್ಲಿ ಮಕ್ಕಳ ಗಡಿಗೆಯಲ್ಲಿ ಕುಂಬಳಕಾಯಿ ಹೆಚ್ಚುತ್ತದೆ. ಪುಕ್ಕಟೆ ಸಿಕ್ಕರೆ ಧಾರಾಳಿಯಾಗುವುದು ಏನು ದೊಡ್ಡದು, ಎಂದು ಗ್ಯಾಸಿನ ಮುಂದೆ ನಿಂತು ಒಬ್ಬಳೇ ಬೈದುಕೊಳ್ಳುತ್ತಿದ್ದೆ.

ಒಂದು ಸಲ ನಾನೇ ಹಿಂಡಿ ಕುಟ್ಟಿ, ಯಾರಿಗೂ ಹೇಳದೆ ನೀಲಮ್ಮನ ಡಬ್ಬಿಯಲ್ಲೇ ತುಂಬಿಟ್ಟು ಬಡಿಸಿದೆ. ಝೋಯಾ ತುತ್ತನ್ನು ದವಡೆಗಿಟ್ಟುಕೊಂಡಳು. ಸಿದ್ಧಾರ್ಥ ಮೂಗಿನ ಹತ್ತಿರ ಹಿಡಿದು, "ಇದು ನೀಲಮ್ಮ ಅಲ್ಲರೀ" ಎಂದ. ಎಳೆಯ ನಾಲಗೆಗೆ ದಾಕ್ಷಿಣ್ಯ ಇರುವುದಿಲ್ಲ. ಆವತ್ತು ನನ್ನ ಹಿಂಡಿಯನ್ನು ನಾನೇ ಎರಡೂ ಹೊತ್ತು ಉಂಡೆ. ಚೆನ್ನಾಗಿಯೇ ಇತ್ತು, ನಿಮ್ಮಾಣೆ.

ಶಿವರಾಯ ಪ್ರತಿ ಸಲ ಕೇಳುತ್ತಿದ್ದ, "ವೈನಿ, ನೀಲಾ ಕೇಳಂದಾಳ, ಹುಡುಗುರು ತಿಂದ್ವೇನು?"

"ಹೂಂ, ತಿಂದ್ವು" ಎನ್ನುತ್ತಿದ್ದೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ನನ್ನ ಬಾಯಿಂದ ಬರುತ್ತಿರಲಿಲ್ಲ. ತಾಟು ಬಡಿದದ್ದು, ಜಯಕಾರ ಹಾಕಿದ್ದು, ಝೋಯಾ ನೆಕ್ಕಿದ್ದು ಎಲ್ಲವನ್ನೂ ನಾನೇ ನುಂಗಿಕೊಂಡೆ. ಬೇಳೆ ಅಳೆದು ಹಾಕುವವಳಿಗೆ ಹೊಗಳಿಕೆ ಅಳೆಯುವುದು ಏನು ಕಷ್ಟ.

ಕೊನೆಗೆ ಒಂದು ದಿನ ಹಟಕ್ಕೆ ಬಿದ್ದೆ. ತಿಂಗಳ ಶೇಂಗಾ, ಬೆಲ್ಲ, ತುಪ್ಪ ಎಲ್ಲವನ್ನೂ ಹೊರಗೆ ತೆಗೆದು ಶೇಂಗಾ ಹೋಳಿಗೆ ಮಾಡಿದೆ. ತೆಳ್ಳಗೆ, ಅಂಚಿನ ತನಕ ಹೂರಣ, ಒಂದೊಂದಕ್ಕೂ ಎರಡೂ ಮಗ್ಗುಲಿಗೆ ತುಪ್ಪ. ಮಕ್ಕಳು ಅಡುಗೆಮನೆಯ ಬಾಗಿಲಲ್ಲಿ ಸಾಲಾಗಿ ನಿಂತು ನೋಡಿದವು. ತಲೆಗೆ ಒಂದೊಂದು ಚೂರು ಮುರಿದು ಕೊಟ್ಟು, ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ ಶಿವರಾಯನ ಕೈಗೆ ಕೊಟ್ಟೆ. ಅತ್ತೆ, "ಏ ಸರೂ, ಉಣ್ಣೋ ಕೂಸುಗೋಳ ಬಾಯಾಗಿಂದು ತಗದು ಊರಿಗಿ ಕಳಸ್ತಿ?" ಎಂದರು. ಕೇಳಿಸಲಿಲ್ಲ ಎನ್ನುವ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡೆ. ಆ ತಿಂಗಳು ಮಿಕ್ಕ ದಿನ ನಮ್ಮ ಗಡಿಗೆಯಲ್ಲಿ ಕುಂಬಳಕಾಯಿ ಈಜಾಡಿತು. ಸಿದ್ಧಾರ್ಥನ ತಾಯಿ ಸಂಜೆ ಬಂದು, "ಸರೋಜಾ ಆಂಟಿ, ಇವ ಮನಿಗಿ ಬಂದು ಮತ್ತ ಊಟ ಕೇಳ್ಲಾಕತ್ತಾನಲ್ರಿ" ಎಂದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮುಂದಿನ ವಾರ ಡಬ್ಬಿ ಬರಲಿಲ್ಲ.

ಗೆದ್ದೆ ಎಂದುಕೊಂಡೆ. ಅದರ ಮುಂದಿನ ವಾರವೂ ಬರಲಿಲ್ಲ. ಶಿವರಾಯ ಬಂದ, ಚಹಾ ಕುಡಿದ, ಡಬ್ಬಿಯ ಮಾತೆತ್ತದೆ ಹೋದ. ಮಕ್ಕಳು ಅವನ ಕೈ ನೋಡಿ ನನ್ನ ಮುಖ ನೋಡಿದವು. ಝೋಯಾಳ ದವಡೆ ಮತ್ತೆ ಉಬ್ಬಿತು. ಅತ್ತೆ ಒಣ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ, ನಿಟ್ಟುಸಿರು ಬಿಡುತ್ತ ಉಂಡರು. ಗೆದ್ದವಳ ಮನೆಯಲ್ಲಿ ಸೂತಕದ ಕಳೆ. ಆಕೆ ಬೇಕೆಂದೇ ನಿಲ್ಲಿಸಿದ್ದಾಳೆ, ನನ್ನ ಮಕ್ಕಳನ್ನು ರುಚಿಗೆ ಹಚ್ಚಿ ಕೈ ಎಳೆದುಕೊಂಡಿದ್ದಾಳೆ ಎಂದು ಮೈಯೆಲ್ಲ ಉರಿಯತೊಡಗಿತು. ಕಳಿಸಿದರೂ ಹೊಟ್ಟೆಕಿಚ್ಚು, ಕಳಿಸದಿದ್ದರೂ ಹೊಟ್ಟೆಕಿಚ್ಚು.

ಭಾನುವಾರ ಮಕ್ಕಳಿಗೆ ರಜೆ. ಕಮಲಾಪುರದಲ್ಲಿ ಸಂತೆ ಇತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ, ಸಂತೆಯಲ್ಲಿ ಕಾಳುಕಡಿ ಅಗ್ಗ ಎಂದು ನಮ್ಮವರಿಗೆ ಹೇಳಿ ಚೀಲ ಹಿಡಿದು ಹೊರಟೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಹೊಂದಿಸಿದೆ.

ಅಲ್ಲಿ ಬಸ್ಸಿನಿಂದ ಇಳಿದು ಸಂತೆಯೊಳಗೆ ಕಾಲಿಟ್ಟರೆ ಶೇಂಗಾ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಯಾರೋ ಒಬ್ಬಳು ಚೌಕಾಸಿ ಮಾಡುತ್ತಿದ್ದಳು. ಒಂದು ಕಾಯಿ ಒಡೆದು ತಿನ್ನುವುದು, ಜಳ್ಳು ಎನ್ನುವುದು, ಮತ್ತೊಂದು ಒಡೆಯುವುದು. ದನಿ ಗುರುತಾಯಿತು.

"ಏ ನೀಲಾ!"

ತಿರುಗಿದಳು. ಕೈಯಲ್ಲಿದ್ದ ಶೇಂಗಾ ರಾಶಿಗೇ ಬಿದ್ದವು. "ಯವ್ವಾ, ಯಕ್ಕಾ! ನೀ ಯಾವಾಗ ಬಂದಿ?"

"ಶೇಂಗಾ ಕೊಳ್ಳಾಕತ್ತೀಯೇನ? ಹೊಲದಾಗಿನವು ಎಲ್ಲಿ ಹೋದ್ವು?"

"ಹೊಲದಾಗ ಶೇಂಗಾ ಎಲ್ಲ್ಯಾವ ಯಕ್ಕಾ? ಮೂಲಿ ಮೂಲಿಗೂ ಬಾಳಿ ಹಚ್ಯಾರ ನಿನ್ನ ಮೈದುನ. ಬಾಳಿಹಣ್ಣ ಒಂದ ಬಿಟ್ರ ಎಲ್ಲಾ ಸಂತ್ಯಾಗೇ ತರ್ತೀನಿ. ತೊಗರಿ ಸುದ್ದಾ."

"ಮತ್ತ ಆ ಹಿಂಡಿ, ರೊಟ್ಟಿ, ಬೆಣ್ಣಿ?"

"ಎಲ್ಲಾ ಕೊಂಡದ್ದೇ."

"ಹುಚ್ಚೀ, ಕೊಂಡು ಯಾಕ ಕಳಸ್ತಿದ್ದಿ?"

"ನೀ ಡಬ್ಬಿ ತುಂಬಿ ಕಳಸ್ತಿದ್ಯಲ್ಲ! ಖಾಲಿ ಹ್ಯಾಂಗ ಕಳಸ್ಲಿ?" ನೀಲಮ್ಮ ಎದ್ದು ನಿಂತು ಸೀರೆ ಝಾಡಿಸಿದಳು. "ಶುರುವಿನ್ಯಾಗ ಒಂದ ಸಲ ಕಳಸಬೇಕಂದಿದ್ದೆ. ನೀ ಚಕ್ಕುಲಿ ಕಳಿಸಿದಿ. ಆಮ್ಯಾಲ ಉಂಡಿ. ಕಡೀಗಿ ಹೋಳಗಿ, ಅದೂ ತುಪ್ಪ ಹಚ್ಚಿ. ಅದರ ಮುಂದ ಏನ್ ಇಟ್ಟು ಕಳಸ್ಬೇಕಂತ ತಿಳೀಲಿಲ್ಲ. ಡಬ್ಬಿ ಗ್ವಾಡಿ ಮಾಡದಾಗ ಇಟ್ಟೀನಿ, ದಿನಾ ಅದರ ಮಾರಿ ನೋಡ್ತೀನಿ."

ಬಸ್ಸಿನಲ್ಲಿ ಹೊಂದಿಸಿದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ನಾನು ಅಲ್ಲಿ ಮಕ್ಕಳ ಬೇಳೆಗೆ ಕುಂಬಳಕಾಯಿ ಹೆಚ್ಚಿಸುತ್ತಿದ್ದಾಗ ಇವಳು ಇಲ್ಲಿ ತನ್ನ ಮನೆಯ ಬೇಳೆಗೆ ಏನು ಹೆಚ್ಚಿಸುತ್ತಿದ್ದಳೋ. ಕೇಳಿದೆ. "ಸೋರೆಕಾಯಿ" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಶೇಂಗಾ ಮಾರುವವ ಇಬ್ಬರೂ ಗಿರಾಕಿಗಳ ಆಸೆ ಬಿಟ್ಟು ರಾಶಿಗೆ ಅರಿವೆ ಮುಚ್ಚಿದ.

ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ನೀಲಮ್ಮ ಬಸಿಗೆ ಚಹಾ ಸುರುವಿಕೊಂಡು, ಊದಿ, ಕುಡಿಯದೆ ಕೇಳಿದಳು.

"ಯಕ್ಕಾ, ಒಂದ ಕೇಳ್ತೀನಿ, ಖರೇ ಹೇಳು. ಹುಡುಗುರಿಗಿ ನನ್ನ ಹಿಂಡಿ ಸೇರ್ತಿತ್ತೇನು? ಇವರಿಗಿ ಕೇಳಿದ್ರ 'ತಿಂದ್ವಂತ' ಅಂತಿದ್ರು. ಎಮ್ಮಿ ಹುಲ್ಲು ತಿಂದ ಸುದ್ದಿ ಹೇಳಿದಂಗ."

ನಾನು ನನ್ನ ಚಹಾದ ಕೆನೆಯನ್ನು ಬೆರಳಿನಿಂದ ತೆಗೆದು ಬೆಂಚಿನ ಅಂಚಿಗೆ ಒರೆಸಿದೆ.

"ನಮ್ಮನ್ಯಾಗ ಉಣ್ಣೋರು ಇಬ್ಬರು. ಮಗ ಮೊಬೈಲ್ ನೋಡ್ಕೋತ ಉಣ್ತಾನ, ಇವರು ಬಾಳಿ ರೇಟಿನ ಚಿಂತ್ಯಾಗ ಉಣ್ತಾರ. ಒಂದಿನ ಉಪ್ಪು ಹಾಕೋದೇ ಮರತಿದ್ದೆ, ಇಬ್ಬರೂ ಉಂಡು ಕೈ ತೊಳಕೊಂಡ್ರು! ನಿನ್ನ ನಸೀಬ ನೋಡು, ದಿನಾ ಅಷ್ಟು ಕೂಸುಗೋಳು ತಾಟು ಹಿಡಕೊಂಡು ನಿನ್ನ ಮಾರಿ ನೋಡ್ತಾವ. ನನಗ ಹೊಟ್ಟಿ ಉರೀತದ ಯಕ್ಕಾ. ಸುಳ್ಳ ಯಾಕ ಹೇಳ್ಲಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಇಷ್ಟು ದಿನ ನನ್ನ ಹೊಟ್ಟೆಯಲ್ಲಿ ಹೊಗೆಯಾಡಿದ ಮಾತನ್ನು ಆಕೆ ಸಂತೆಯಲ್ಲಿ ಕೂತು, ಬಸಿ ಕೈಯಲ್ಲಿ ಹಿಡಿದು ಹೇಳಿದಳು. ಹೊಟ್ಟೆಕಿಚ್ಚನ್ನು ಹೇಳಿಕೊಳ್ಳುವುದರಲ್ಲೂ ಆಕೆಯೇ ನನಗಿಂತ ಮುಂದೆ. ಆಗಲೇ ನಾನು ಎಲ್ಲವನ್ನೂ ಹೇಳಿಬಿಡಬಹುದಿತ್ತು.

"ನಾ ಹೇಳಂಗಿಲ್ಲ" ಎಂದೆ. "ನಾಳಿಗಿ ಬಂದು ನೀನೇ ಉಣಿಸಿ ನೋಡು."

ಆಕೆ ಬೆಳಗಿನ ಬಸ್ಸಿಗೇ ಬಂದಳು. ಹೊಸದಾಗಿ ಕುಟ್ಟಿದ ಹಿಂಡಿ, ತಲೆಗೆ ಎಣ್ಣೆ, ಮದುವೆ ಮನೆಗೆ ಹೊರಟವರ ಹಾಗೆ ಸೀರೆ. ಅತ್ತೆ ಮಂಚದಿಂದ ಇಳಿದು ಬಂದು ಆಕೆಯ ಕೆನ್ನೆ ಸವರಿ ಲಟಿಕೆ ಮುರಿದರು. ನನ್ನ ಮದುವೆಯ ದಿನ ಒಮ್ಮೆ ಹಾಗೆ ಮಾಡಿದ್ದರು. ನಾನು ಅನ್ನ ಬಸಿಯಲು ಒಳಗೆ ಹೋದೆ.

ಮಧ್ಯಾಹ್ನ ಮಕ್ಕಳು ಸಾಲಾಗಿ ಕೂತವು. "ಇವರೇ ನೀಲಮ್ಮ" ಎಂದೆ. ಸಿದ್ಧಾರ್ಥ ಬಾಯಿ ತೆರೆದು ನೋಡಿ, "ಖರೇ ನೀಲಮ್ಮ?" ಎಂದ. ನೀಲಮ್ಮ ಎಂದರೆ ಹಿಂಡಿಯ ಹೆಸರೆಂದೇ ಅವನು ತಿಳಿದಿದ್ದ. ನೀಲಮ್ಮ ಝೋಯಾಳ ಮುಂದೆ ಕೂತು, ಅನ್ನಕ್ಕೆ ಹಿಂಡಿ, ಚೂರು ಎಣ್ಣೆ ಕಲಸಿ, ಗೋಲಿಯಷ್ಟು ತುತ್ತು ಕಟ್ಟಿ ಬಾಯ ಹತ್ತಿರ ಹಿಡಿದಳು.

ಝೋಯಾ ಬಾಯಿ ಬಿಗಿದಳು. ಎದ್ದು ಓಡಿ ಬಂದು ನನ್ನ ಸೀರೆಯಲ್ಲಿ ಮುಖ ಹುದುಗಿಸಿ, "ಆಂಟೀ, ತುಮೀಚ್ ಖಿಲಾವ್" ಎಂದಳು. ನೀವೇ ತಿನ್ನಿಸಿ ಎಂದು.

ಆ ಘಳಿಗೆಯ ಸುಖವನ್ನು ನಿಮ್ಮಿಂದ ಮುಚ್ಚಿಟ್ಟು ಏನು ಮಾಡಲಿ? ಹೊಟ್ಟೆಗೆ ತಣ್ಣೀರು ಸುರಿದ ಹಾಗಾಯಿತು. ಹಿಂಡಿ ಆಕೆಯದಿರಬಹುದು, ಕೈ ನನ್ನದೇ ಬೇಕು! ಅತ್ತೆ ನೋಡಿದರೋ ಇಲ್ಲವೋ ಎಂದು ಮಂಚದ ಕಡೆಗೂ ಒಂದು ಕಣ್ಣು ಹಾಯಿಸಿದೆ. ನೋಡಿದ್ದರು.

ನೀಲಮ್ಮನ ಕೈ ಗಾಳಿಯಲ್ಲಿಯೇ ಇತ್ತು. ತುತ್ತನ್ನು ಮೆಲ್ಲಗೆ ತಾಟಿನ ಅಂಚಿಗೆ ಇಟ್ಟಳು. "ಇರ್ಲಿ ಬಿಡು ಯಕ್ಕಾ" ಎಂದಳು. "ಹೊಸ ಮಾರಿ. ನೀನೇ ಉಣಸು." ನಗಲು ಹೋದಳು, ಆಗಲಿಲ್ಲ. ಮುಂಜಾನೆದ್ದು ಹಿಂಡಿ ಕುಟ್ಟಿ, ಬಸ್ಸು ಹಿಡಿದು ಬಂದವಳು ಬೆರಳಿಗೆ ಅಂಟಿದ ಅಗುಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

ನನ್ನ ಕೈಯಿಂದ ಒಂದು ತುತ್ತು ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಝೋಯಾ ಬಾಯಿ ತೆರೆದುಕೊಂಡೇ ನಿಂತಿದ್ದಳು. ಕೊಡಬೇಕೆಂದು ಕೈ ಮುಂದೆ ಹೋಗಿಯೂ ಇತ್ತು.

ಏನಾಯಿತೋ, ಹುಡುಗಿಯನ್ನು ಎತ್ತಿ ನೀಲಮ್ಮನ ತೊಡೆಯ ಮೇಲೆ ಕೂರಿಸಿ, "ನಾ ಅಂಗಡಿಗಿ ಹೋಗಿ ಬರ್ತೀನಿ" ಎಂದೆ. ಚೀಲವನ್ನೂ ತೆಗೆದುಕೊಳ್ಳದೆ ಹೊರಗೆ ಬಂದು ಬಾಗಿಲು ಮುಂದೆ ಮಾಡಿ ಅದರ ಹಿಂದೆ ನಿಂತೆ. ಒಳಗೆ "ಆಂಟೀ" ಎಂದು ಅಳು ಶುರುವಾಯಿತು. ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ನೀಲಮ್ಮ ಏನೋ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಆಮೇಲೆ ಝೋಯಾಳ ದನಿ:

"ಔರ್ ದೇವ್."

"ತಿಂದ್ಳು!" ಒಳಗಿಂದ ನೀಲಮ್ಮ ಕೂಗಿದಳು. "ಯಕ್ಕಾ, ಎಲ್ಲಿದ್ದಿ? ತಿಂದ್ಳು ನೋಡು, ಮತ್ತ ಕೇಳ್ಲಾಕತ್ತಾಳ!"

ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಒಳಗೆ ಹೋಗಲಿಲ್ಲ.

"ಆವಾಗೂ ಹಿಂಗೇ ಕೇಳ್ತಿದ್ಳು" ಎಂದೆ, ಬಾಗಿಲ ಹಿಂದಿನಿಂದಲೇ. "ನಿನ್ನ ಹಿಂಡಿ ಬಂದ ದಿನ ತಾಟು ನೆಕ್ಕತಿದ್ಳು. ಎಲ್ಲಾ ಹುಡುಗುರೂ ನಿನ್ನ ಹೆಸರು ಹಿಡದು ಕುಣೀತಿದ್ವು ನೀಲಾ."

ಎದುರಿಗೆ ನಿಂತಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.